ಟಗಾಲೋಗ್ ಯಾವ ಕುಲದ ಭಾಷೆ? ಸ್ಪ್ಯಾನಿಶ್ಶೋ, ಸಂಸ್ಕೃತವೋ?

ಕಡಲತಡಿ ಕೇಳಿದ್ದು:
ನಮ್ಮ ಟೀಮಿನಲ್ಲಿ ಫಿಲಿಪ್ಪೀನ್ಸಿನ ಮನಿಲಾದವರು ಇಬ್ಬರಿದ್ದಾರೆ, ಅಲ್ಲಿನ ಭಾಷೆ ಟಗಾಲೋಗ್. ಮೊನ್ನೆ ಒಬ್ಬರ ಹತ್ತಿರ ಫೈಲ್ ಇವತ್ತೇ ಬರುತ್ತಾ ಅಂತ ಕೇಳಿದೆ, "ಸಿಗುರೋ" ಅಂದರು. ನಾನು ಹಿಂದೊಮ್ಮೆ ಆರು ತಿಂಗಳು ಸ್ಪ್ಯಾನಿಶ್ ಕಲಿತವನು, ಅಲ್ಲಿ ಸೆಗೂರೋ ಅಂದರೆ ಖಂಡಿತ. ರಾತ್ರಿ ಹತ್ತರವರೆಗೆ ಕಾದೆ, ಫೈಲ್ ಪತ್ತೆ ಇಲ್ಲ. ಆಮೇಲೆ ಗೊತ್ತಾಯಿತು, ಟಗಾಲೋಗಿನಲ್ಲಿ ಸಿಗುರೋ ಅಂದರೆ "ಇರಬಹುದು" ಅಂತೆ!
ಮೇಜಿಗೆ ಮೇಸಾ, ಕಿಟಕಿಗೆ ಬಿಂತಾನಾ, ಹೇಗಿದ್ದೀರಿ ಅನ್ನೋಕೆ ಕುಮುಸ್ತಾ. ಎಲ್ಲ ಸ್ಪ್ಯಾನಿಶ್. ಅದೇ ಜನ ಮೇಷ್ಟ್ರಿಗೆ ಗುರೋ ಅನ್ನುತ್ತಾರೆ, ಮುಖಕ್ಕೆ ಮುಖಾ ಅನ್ನುತ್ತಾರೆ. ಹಾಗಾದರೆ ಈ ಭಾಷೆ ಹುಟ್ಟಿದ್ದು ಯಾವುದರಿಂದ?

ಪದಹುಳ:
ಎರಡರಿಂದಲೂ ಅಲ್ಲ. ಕುರ್ಚಿ, ಬಸ್ಸು ಇದ್ದ ಮಾತ್ರಕ್ಕೆ ಕನ್ನಡ ಅರಬ್ಬಿಗೋ ಇಂಗ್ಲಿಷಿಗೋ ಹುಟ್ಟಿದ್ದಲ್ಲವಲ್ಲ, ಹಾಗೇ ಇದು. ಸುಲಭಕ್ಕೆ ಕಡ ತರದ ಪದಗಳನ್ನು ನೋಡಿ. ಕಣ್ಣಿಗೆ ಟಗಾಲೋಗಿನಲ್ಲಿ ಮತಾ, ಮಲಯದಲ್ಲೂ ಮತಾ, ನ್ಯೂಜಿಲೆಂಡಿನ ಮಾವೊರಿಯಲ್ಲೂ ಮತಾ. ಆಕಾಶಕ್ಕೆ ಲಾಂಗಿತ್, ಮಲಯದಲ್ಲಿ ಲಾಂಗಿತ್, ಆಫ್ರಿಕಾ ಪಕ್ಕದ ಮಡಗಾಸ್ಕರಿನಲ್ಲಿ ಲಾನಿತ್ರ. ಐದಕ್ಕೆ ಲಿಮಾ, ಹವಾಯಿಯಲ್ಲೂ ಲಿಮಾ. ಇದು ಆಸ್ಟ್ರೋನೇಷ್ಯನ್ ಕುಟುಂಬ. ತೈವಾನಿನಿಂದ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ದೋಣಿಯಲ್ಲಿ ಹೊರಟವರು ದ್ವೀಪದಿಂದ ದ್ವೀಪಕ್ಕೆ ಒಯ್ದ ಮಾತು ಅಂತ ಹೆಚ್ಚಿನ ಭಾಷಾತಜ್ಞರು ಒಪ್ಪುತ್ತಾರೆ.
ಇನ್ನೊಂದು ಮಜಾ ಇದೆ. ಟಗಾಲೋಗ್ ಆಡುವುದು ಉತ್ತರದ ಲುಜಾನ್ ದ್ವೀಪದಲ್ಲಿ, ಆದರೆ ಅದರ ಒಡಹುಟ್ಟಿದವು ಬಿಕೋಲ್, ಸೆಬುವಾನೋ, ವಾರಾಯ್, ಎಲ್ಲ ಆಗ್ನೇಯ ಮತ್ತು ದಕ್ಷಿಣದ ಕಡೆಯವು. ಪಕ್ಕದಲ್ಲೇ ಇರುವ ಕಪಂಪಾಂಗನ್ ದೂರದ ನೆಂಟ ಅಷ್ಟೇ.
ವ್ಯಾಕರಣವಂತೂ ಸ್ಪ್ಯಾನಿಶ್ ಹತ್ತಿರ ಸುಳಿಯುವುದಿಲ್ಲ. ತಿನ್ನು ಅನ್ನೋಕೆ ಕಾಇನ್. ಅದರ ಹೊಟ್ಟೆಯೊಳಗೆ ಉಮ್ ತುರುಕಿದರೆ ಕುಮಾಇನ್, ತಿಂದವರ ಮೇಲೆ ಗಮನ. ಇನ್ ತುರುಕಿದರೆ ಕಿನಾಇನ್, ತಿಂದ ವಸ್ತುವಿನ ಮೇಲೆ ಗಮನ. ಮೊದಲ ಅಕ್ಷರ ಎರಡು ಸಲ ಹೇಳಿ ಕಕಾಇನ್ ಅಂದರೆ ಮುಂದೆ ತಿನ್ನುವುದು. ನಾವು ಬಾಲಕ್ಕೆ ಪ್ರತ್ಯಯ ಅಂಟಿಸುತ್ತೇವೆ, ಅವರು ಪದವನ್ನೇ ಸೀಳಿ ನಡುವೆ ಇಡುತ್ತಾರೆ.

ತಾಮ್ರಪಟ:
ಸಂಸ್ಕೃತವನ್ನು ಅಷ್ಟು ಬೇಗ ಬದಿಗೆ ಸರಿಸಬೇಡಿ. ಕಥಾ ಅಂದರೆ ರಚನೆ, ಬುಧಿ ಅಂದರೆ ಆತ್ಮಸಾಕ್ಷಿ, ಆಸಾ ಅಂದರೆ ಆಸೆ. 1989ರಲ್ಲಿ ಲಗೂನಾ ಪ್ರಾಂತ್ಯದ ಲುಂಬಾಂಗ್ ನದಿ ಬಾಯಲ್ಲಿ ಒಂದು ತಾಮ್ರಪಟ ಸಿಕ್ಕಿತು, ಅದು ಶುರುವಾಗುವುದೇ "ಸ್ವಸ್ತಿ ಶಕವರ್ಷಾತೀತ 822, ವೈಶಾಖ ಮಾಸ" ಅಂತ, ಆಮೇಲೆ ಕೃಷ್ಣಪಕ್ಷದ ಚೌತಿ, ಸೋಮವಾರ. ಅಂದರೆ ಕ್ರಿ.ಶ. 900ರ ಏಪ್ರಿಲ್. ಓದಿದರೆ ನಮ್ಮೂರ ಶಾಸನದ ಮುಂದೆ ನಿಂತ ಹಾಗೆ ಅನಿಸುತ್ತದೆ! ವಿಷಯ ಮಾತ್ರ ಸಾದಾ: ನಮ್ವರಾನ್ ಅನ್ನುವವನ ಚಿನ್ನದ ಸಾಲ ತೀರಿತು, ಅವನ ಮನೆಯವರಿಗೂ ಋಣ ಇಲ್ಲ.

ಪದಹುಳ:
ತಾಮ್ರಪಟರೇ, ಆ ಪಟವೇ ನನ್ನ ಸಾಕ್ಷಿ 🙂 ಅದರ ಲಿಪಿ ಜಾವಾದ ಕಾವಿ, ಭಾಷೆ ಮುಖ್ಯವಾಗಿ ಹಳೆಯ ಮಲಯ. ಸಂಸ್ಕೃತ ಪದಗಳು ಹೆಚ್ಚಾಗಿ ಮಲಯ, ಜಾವಾದ ಬಾಯಿಂದ ದಾಟಿ ಬಂದವು, ನೇರ ಇಲ್ಲಿಂದ ಹಡಗು ಹತ್ತಿ ಹೋಗಿದ್ದಲ್ಲ. ಅದಕ್ಕೇ ರೂಪ, ಅರ್ಥ ಎರಡೂ ತಿರುಗಿವೆ: ಚರಿತ ಅನ್ನುವುದು ಸಲಿತಾ ಆಗಿ "ಮಾತು" ಅಂತಾಯಿತು, ಅರ್ಘ ಹಲಗಾ ಆಗಿ "ಬೆಲೆ" ಆಯಿತು. ಸಿಗುರೋ ಕೆಟ್ಟಿದ್ದೂ ಹೀಗೇ. ಅಕ್ಕನಿಗೆ ಅಥೇ, ಅಣ್ಣನಿಗೆ ಕುಯಾ ಅನ್ನುತ್ತಾರೆ, ಅವು ಚೀನಾದ ಹೊಕ್ಕಿಯೆನ್ ವ್ಯಾಪಾರಿಗಳು ಕೊಟ್ಟವು.

ಬರಹಗಾರ್ತಿ_ಎಂ:
ಲಿಪಿ ಬಗ್ಗೆ ಯಾರೂ ಹೇಳಲಿಲ್ಲ. ಸ್ಪೇನಿನವರು ಬಂದಾಗ ಅಲ್ಲಿ ಬಾಯ್‌ಬಾಯಿನ್ ಇತ್ತು, ನಮ್ಮ ಲಿಪಿಯ ಹಾಗೇ ಬ್ರಾಹ್ಮಿಯ ಸಂತತಿ. 17 ಅಕ್ಷರ, ಅದರಲ್ಲಿ ಸ್ವರ ಮೂರೇ. ಮೇಲೆ ಚುಕ್ಕೆ ಇಟ್ಟರೆ ಕಿ ಅಥವಾ ಕೆ, ಕೆಳಗೆ ಇಟ್ಟರೆ ಕು ಅಥವಾ ಕೊ, ಯಾವುದು ಅಂತ ಓದುವವರೇ ಊಹಿಸಬೇಕು. ಅರ್ಧಾಕ್ಷರವೇ ಇಲ್ಲ! ಬುಂದೋಕ್, ಅಂದರೆ ಬೆಟ್ಟ, ಬರೆಯಬೇಕಾದರೆ ಬು-ದೋ ಅಂತ ಬರೆದು ಬಿಡುತ್ತಿದ್ದರು. ಪಾದ್ರಿಗಳಿಗೆ ಇದು ತಲೆನೋವು. 1620ರ ಸುಮಾರಿಗೆ ಒಬ್ಬರು ಶಿಲುಬೆ ಆಕಾರದ ಗುರುತು ಸೇರಿಸಿ ಅರ್ಧಾಕ್ಷರ ಮಾಡಲು ನೋಡಿದರು, ಜನ ಒಪ್ಪಲಿಲ್ಲ. 1593ರಲ್ಲಿ ಮನಿಲಾದಲ್ಲಿ ಅಚ್ಚಾದ ದೊಕ್ತ್ರಿನಾ ಕ್ರಿಸ್ತಿಯಾನಾದಲ್ಲಿ ಟಗಾಲೋಗ್ ಎರಡೂ ಲಿಪಿಯಲ್ಲಿದೆ, ನಂತರ ನಿಧಾನಕ್ಕೆ ರೋಮನ್ನೇ ಉಳಿಯಿತು.
ಮುನ್ನೂರು ವರ್ಷಕ್ಕೂ ಜಾಸ್ತಿ ಸ್ಪೇನ್ ಆಳಿದರೂ ಟಗಾಲೋಗ್ ಸಾಯದಿರಲು ಈ ಪಾದ್ರಿಗಳೂ ಒಂದು ಕಾರಣ. ಜನರಿಗೆ ಸ್ಪ್ಯಾನಿಶ್ ಕಲಿಸುವ ಬದಲು ತಾವೇ ಅವರ ಭಾಷೆ ಕಲಿತು ನಿಘಂಟು, ವ್ಯಾಕರಣ ಬರೆದರು.

ಕಡಲತಡಿ:
ಅಬ್ಬಾ, ಇಷ್ಟೆಲ್ಲ ಇದೆಯಾ. ಒಂದು ಉಳಿಯಿತು, ಫಿಲಿಪಿನೋ ಅಂದರೂ ಟಗಾಲೋಗ್ ಅಂದರೂ ಒಂದೇನಾ?

ಬರಹಗಾರ್ತಿ_ಎಂ:
ಆಡುವಾಗ ಹೆಚ್ಚುಕಡಿಮೆ ಒಂದೇ, ಜಗಳ ಹೆಸರಿನದ್ದು. 1937ರಲ್ಲಿ ಅಧ್ಯಕ್ಷ ಕೆಜೋನ್ ಟಗಾಲೋಗ್ ಆಧಾರದ ಮೇಲೆ ರಾಷ್ಟ್ರಭಾಷೆ ಅಂತ ಘೋಷಿಸಿದರು. ಸೆಬುವಾನೋ ಆಡುವವರು ಸುಮ್ಮನಿರುತ್ತಾರಾ? 1959ರಲ್ಲಿ ಹೆಸರು ಪಿಲಿಪಿನೋ ಆಯಿತು, 1987ರ ಸಂವಿಧಾನದಲ್ಲಿ ಫಿಲಿಪಿನೋ. ಬೇರೆ ಭಾಷೆಗಳಿಂದಲೂ ಪದ ಸೇರಿಸಿ ಬೆಳೆಸಬೇಕು ಅಂತ ಬರೆದಿದ್ದಾರೆ, ಆದರೆ ತಳಹದಿ ಟಗಾಲೋಗಿನದ್ದೇ. ನಿಮ್ಮ ಸಹೋದ್ಯೋಗಿಗಳು ಎಲ್ಲಿಯವರು ಅಂತ ಮೊದಲು ಕೇಳಿ. ಮನೆಯಲ್ಲಿ ಅವರು ಆಡುವುದು ಟಗಾಲೋಗೇ ಆಗಿರಬೇಕು ಅಂತಿಲ್ಲ.

ಕಡಲತಡಿ:
ಕೇಳಿದೆ. ಒಬ್ಬರು ಸೆಬು ದ್ವೀಪದವರಂತೆ. ಫೈಲ್ ನಾಳೆ ಕೊಡುತ್ತಾರಂತೆ, ಸಿಗುರೋ.