ಮಗುವಿನ ಉಸಿರಲ್ಲಿ ಗೊರಗೊರ ಶಬ್ದ, ಸ್ಕ್ಯಾನ್‌ನಲ್ಲಿ ‘ಡಬಲ್ ಅಯೋರ್ಟಿಕ್ ಆರ್ಚ್’

ಪ್ರಶ್ನೆ (ತಾಯಿ, ಶ್ರೀರಂಗಪಟ್ಟಣ):
ನಮಸ್ತೆ ಮೇಡಂ. ಮಗನಿಗೆ ಎಂಟು ತಿಂಗಳು. ಹುಟ್ಟಿದಾಗಿನಿಂದ ಉಸಿರಾಡುವಾಗ ಗೊರಗೊರ ಅನ್ನುತ್ತಾನೆ. ಕಫ ಅಂತ ಸಿರಪ್ಪು, ನೆಬುಲೈಜರ್ ಎಲ್ಲ ಆಯಿತು. ಅತ್ತೆ ಬಜೆ ತೇಯ್ದು ನೆಕ್ಕಿಸುತ್ತಾರೆ. ಹಾಲು ಹೇಗೋ ಕುಡಿಯುತ್ತಾನೆ. ರಾಗಿ ಸರಿ ಕೊಟ್ಟರೆ ಕೆಮ್ಮಿ ಕೆಮ್ಮಿ ವಾಂತಿ. ಎಕೋದಲ್ಲಿ (ಹೃದಯದ ಸ್ಕ್ಯಾನ್) ಹೃದಯ ಚೆನ್ನಾಗಿದೆ ಅಂದಿದ್ದರು. ಈಗ ಸಿಟಿ ಸ್ಕ್ಯಾನ್‌ನಲ್ಲಿ ‘ಡಬಲ್ ಅಯೋರ್ಟಿಕ್ ಆರ್ಚ್’ ಅಂತ ಬಂದಿದೆ. ಯಾವುದನ್ನು ನಂಬಬೇಕು? ಆಪರೇಷನ್ ಬೇಕೇ ಬೇಕಾ?

ಉತ್ತರ (ಮಕ್ಕಳ ಹೃದ್ರೋಗ ತಜ್ಞೆ, ಮೈಸೂರು):
ಎರಡನ್ನೂ ನಂಬಿ ಅಮ್ಮ. ಹೃದಯದ ಕೋಣೆಗಳು ಸರಿಯಾಗಿಯೇ ಇರಬಹುದು. ತೊಂದರೆ ಇರುವುದು ಅಲ್ಲಿಂದ ಹೊರಡುವ ದೊಡ್ಡ ರಕ್ತನಾಳದಲ್ಲಿ, ಅಂದರೆ ಅಯೋರ್ಟಾದಲ್ಲಿ. ಅದು ಮೇಲೆ ಹೋಗಿ ಬಿಲ್ಲಿನಂತೆ ಬಾಗಿ ಕೆಳಗಿಳಿಯುತ್ತದೆ. ಗರ್ಭದ ಮೊದಲ ವಾರಗಳಲ್ಲಿ ಈ ಬಾಗು ಎಡಕ್ಕೊಂದು, ಬಲಕ್ಕೊಂದು ಇರುತ್ತದೆ. ಆಮೇಲೆ ಬಲಗಡೆಯದು ಕರಗಿ ಎಡಗಡೆಯದು ಉಳಿಯುತ್ತದೆ. ನಿಮ್ಮ ಮಗನಿಗೆ ಎರಡೂ ಉಳಿದು ಉಂಗುರದಂತೆ ಸುತ್ತಿಕೊಂಡಿವೆ. ಉಸಿರಿನ ಕೊಳವೆ, ಅನ್ನನಾಳ ಎರಡೂ ಆ ಉಂಗುರದ ಮಧ್ಯೆ ಸಿಕ್ಕಿಕೊಂಡಿವೆ. ಹಾಲು ಜಾರಿ ಹೋಗುತ್ತದೆ, ಗಟ್ಟಿ ಸರಿ ತಡೆಯುತ್ತದೆ. ಎಕೋದಲ್ಲಿ ಇದು ಎಷ್ಟೋ ಸಲ ಪೂರ್ತಿ ಕಾಣುವುದಿಲ್ಲ. ಉಸಿರಿನ ಕೊಳವೆ ಎಷ್ಟು ಒತ್ತಿಹೋಗಿದೆ ಅಂತ ಸಿಟಿಯಲ್ಲೇ ಚೆನ್ನಾಗಿ ಗೊತ್ತಾಗುವುದು.

ನೆಗಡಿ ಇಲ್ಲದ ದಿನವೂ, ಹಗಲು ರಾತ್ರಿ ಬಿಡದೆ ಇರುವ ಶಬ್ದವನ್ನು ಸುಮ್ನೆ ಕಫ ಅಂತ ತಳ್ಳಿಹಾಕಬಾರದು. ಇದನ್ನು ಎಲ್ಲ ಅಪ್ಪ ಅಮ್ಮಂದಿರಿಗೂ ಹೇಳುತ್ತಿದ್ದೇನೆ. ಮಗು ಕತ್ತು ಹಿಂದಕ್ಕೆ ಚಾಚಿಕೊಂಡೇ ಮಲಗುತ್ತದಾ ನೋಡಿ. ಕೆಲವು ಮಕ್ಕಳು ಉಸಿರಿಗೆ ದಾರಿ ಮಾಡಿಕೊಳ್ಳಲು ಹಾಗೆ ಮಲಗುತ್ತವೆ.

ಇಷ್ಟು ತೊಂದರೆ ಇರುವ ಮಗುವಿಗೆ ಆಪರೇಷನ್ ಬೇಕು. ಎರಡರಲ್ಲಿ ಚಿಕ್ಕದನ್ನು ಕತ್ತರಿಸಿ ಉಂಗುರ ಬಿಡಿಸುತ್ತಾರೆ. ಸಾಮಾನ್ಯವಾಗಿ ಪಕ್ಕೆಲುಬುಗಳ ನಡುವಿನಿಂದ ಮಾಡುತ್ತಾರೆ, ಹೃದಯ ನಿಲ್ಲಿಸಬೇಕಾಗಿಲ್ಲ. ಬಾಸ್ಟನ್‌ನಲ್ಲಿ ರಾಬರ್ಟ್ ಗ್ರಾಸ್ ಅನ್ನುವ ಸರ್ಜನ್ 1945ರಲ್ಲೇ ಇದನ್ನು ಮಾಡಿದ್ದರು. ಹೊಸ ಪ್ರಯೋಗವೇನಲ್ಲ, ಹೆದರಬೇಡಿ. ಈ ತೊಂದರೆ ಇರುವ ಕೆಲವು ಮಕ್ಕಳಲ್ಲಿ 22ನೇ ಕ್ರೋಮೋಸೋಮಿನ ಒಂದು ಚೂರು ಇಲ್ಲದಿರುತ್ತದೆ. ಆ ರಕ್ತ ಪರೀಕ್ಷೆ ಬೇಕಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಬಜೆ ಇವತ್ತೇ ನಿಲ್ಲಿಸಿ, ಈ ಮಗುವಿನ ಗಂಟಲಿಗೆ ಅದು ಅಪಾಯ. ಸರಿ ತೆಳ್ಳಗೆ ಮಾಡಿ, ಕೂರಿಸಿ, ಸ್ವಲ್ಪ ಸ್ವಲ್ಪವೇ ಕೊಡಿ. ನೀವು ಬಸುರಿಯಲ್ಲಿ ಏನೋ ತಿಂದಿದ್ದಕ್ಕೋ, ಗ್ರಹಣ ನೋಡಿದ್ದಕ್ಕೋ ಬಂದಿದ್ದಲ್ಲ ಇದು. ಯಾರಾದರೂ ಹಾಗಂದರೆ ಈ ಉತ್ತರ ತೋರಿಸಿ.

ಪ್ರಶ್ನೆ (ತಂದೆ, ಮದ್ದೂರು):
ನಮ್ಮ ಮಗಳಿಗೆ 20ನೇ ದಿನ ಟಿಎಪಿವಿಸಿ ಅಂತ ಗೊತ್ತಾಯಿತು. ಐದನೇ ತಿಂಗಳ ಸ್ಕ್ಯಾನ್ ನಾರ್ಮಲ್ ಇತ್ತಲ್ಲ ಮೇಡಂ?

ಉತ್ತರ:
ಶ್ವಾಸಕೋಶದಿಂದ ಶುದ್ಧ ರಕ್ತ ತರುವ ರಕ್ತನಾಳಗಳು ಸಾಮಾನ್ಯವಾಗಿ ನಾಲ್ಕು. ಹೃದಯದ ಎಡಗಡೆ ಸೇರಬೇಕು. ನಿಮ್ಮ ಮಗಳಿಗೆ ಅವೆಲ್ಲ ಬಲಗಡೆ ಸೇರಿವೆ, ಇದನ್ನೇ ಟಿಎಪಿವಿಸಿ ಅನ್ನುವುದು. ಹೊಟ್ಟೆಯಲ್ಲಿದ್ದಾಗ ಮಗು ಶ್ವಾಸಕೋಶದಿಂದ ಉಸಿರಾಡುವುದಿಲ್ಲ, ಅಲ್ಲಿ ರಕ್ತ ಹರಿಯುವುದೇ ಕಡಿಮೆ. ಅದಕ್ಕೇ ಒಳ್ಳೆಯ ಸ್ಕ್ಯಾನ್‌ನಲ್ಲೂ ಇದು ತಪ್ಪಿಹೋಗುತ್ತದೆ. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ರಂಧ್ರವೇ ಸದ್ಯಕ್ಕೆ ಅವಳನ್ನು ಕಾಪಾಡುತ್ತಿದೆ. ಮಾತ್ರೆಯಿಂದ ಸರಿಹೋಗುವುದಲ್ಲ, ಆಪರೇಷನ್ ಮಾಡಿ ಎಡಗಡೆಗೆ ಸೇರಿಸಬೇಕು. ರಕ್ತನಾಳದಲ್ಲಿ ಅಡಚಣೆ ಇದ್ದರೆ ಅದು ತುರ್ತು, ಒಂದು ದಿನವೂ ಕಾಯಬಾರದು. ಇವತ್ತೇ ಅದನ್ನು ಕೇಳಿ ತಿಳಿದುಕೊಳ್ಳಿ. ಖರ್ಚಿನ ಚಿಂತೆ ಇದ್ದರೆ ಆಯುಷ್ಮಾನ್ ಕಾರ್ಡ್ ಮತ್ತು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಬಗ್ಗೆ ಆಸ್ಪತ್ರೆಯಲ್ಲೇ ವಿಚಾರಿಸಿ.

ಪ್ರಶ್ನೆ (ಅಕ್ಕ, ಮೈಸೂರು):
ತಮ್ಮನಿಗೆ 24 ವರ್ಷ, ಬಿಪಿ ಜಾಸ್ತಿ. ಇದಕ್ಕೂ ಅಯೋರ್ಟಾಗೂ ಸಂಬಂಧ ಇದೆಯಾ?

ಉತ್ತರ:
ಇರಬಹುದು. ಅಯೋರ್ಟಾ ಒಂದು ಕಡೆ ಕಿರಿದಾಗಿದ್ದರೆ ಕೈಯಲ್ಲಿ ಬಿಪಿ ಜಾಸ್ತಿ, ಕಾಲಲ್ಲಿ ಕಡಿಮೆ ಇರುತ್ತದೆ. ಈ ವಯಸ್ಸಿಗೆ ಬಿಪಿ ಬಂದರೆ ಕಾಲಿನದ್ದನ್ನೂ ನೋಡಿಸಲೇಬೇಕು. ಜೊತೆಗೆ ಎಕೋ ಮಾಡಿಸಿ.

ಪ್ರಶ್ನೆ (ತಾಯಿ, ಶ್ರೀರಂಗಪಟ್ಟಣ):
ತುಂಬಾ ಧನ್ಯವಾದ ಮೇಡಂ. ಆಪರೇಷನ್ ಆದ ತಕ್ಷಣ ಶಬ್ದ ನಿಲ್ಲುತ್ತಾ?

ಉತ್ತರ:
ತಕ್ಷಣ ನಿಲ್ಲದಿರಬಹುದು ಅಮ್ಮ. ಇಷ್ಟು ದಿನ ಒತ್ತಡದಲ್ಲಿದ್ದ ಕೊಳವೆ ಮೆತ್ತಗಾಗಿರುತ್ತದೆ, ಗಟ್ಟಿಯಾಗಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ನೆಗಡಿ ಆದಾಗ ಶಬ್ದ ಜಾಸ್ತಿಯಾಗಬಹುದು. ತುಟಿ ನೀಲಿಯಾದರೆ, ಎದೆ ಒಳಗೆ ಸೆಳೆದುಕೊಂಡರೆ, ಹಾಲು ಕುಡಿಯುವುದನ್ನೇ ನಿಲ್ಲಿಸಿದರೆ ಫೋನ್ ಮಾಡುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.