ಹೊಸ ಪೋರ್ಟ್, ಇಂಡೀ ಗೇಮ್‌ಗಳಿಗೆ ವಿಮರ್ಶೆ ಬರೆಯುವಾಗ ಏನೇನು ಪರೀಕ್ಷಿಸಬೇಕು?

ಹೊಸಆಟ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಕನ್ಸೋಲ್‌ನಿಂದ ಪಿಸಿಗೆ ಬರುವ ಪೋರ್ಟ್‌ಗಳು ಮತ್ತು ಸಣ್ಣ ಇಂಡೀ ಗೇಮ್‌ಗಳ ಬಗ್ಗೆ, ಬಿಡುಗಡೆಯಾದ ವಾರದಲ್ಲೇ ವಿಮರ್ಶೆ ಬರೆಯಬೇಕೆಂದಿದ್ದೇನೆ. "ಗ್ರಾಫಿಕ್ಸ್ ಚೆನ್ನಾಗಿದೆ, 60 ಎಫ್‌ಪಿಎಸ್ (ಸೆಕೆಂಡಿಗೆ 60 ಚಿತ್ರ, ಅಂದರೆ ಫ್ರೇಮ್) ಬರುತ್ತೆ" ಅಂದರೆ ದುಡ್ಡು ಕೊಟ್ಟು ಕೊಳ್ಳುವವರಿಗೆ ಏನೂ ಉಪಯೋಗವಿಲ್ಲ. ಸರಾಸರಿ 58 ತೋರಿಸುತ್ತಿದ್ದರೂ ಆಟ ಆಗಾಗ ತಡೆದು ನಿಂತ ಹಾಗಾಗುವುದು ಯಾಕೆ? ಅದನ್ನು ಅಳೆಯುವುದು ಹೇಗೆ? ಪಿಕ್ಸೆಲ್ ಆರ್ಟ್ (ಚೌಕ ಚುಕ್ಕಿಗಳಿಂದ ಬಿಡಿಸಿದ ಚಿತ್ರದ) ಗೇಮ್‌ಗಳಲ್ಲಿ ಏನು ನೋಡಬೇಕು? ಪಿಸಿ ಗೇಮ್ ಮಾರುವ ಸ್ಟೀಮ್‌ನ ರೀಫಂಡ್ ಮಿತಿಯೊಳಗೆ (ಕೊಂಡು 14 ದಿನ, ಆಡಿದ್ದು 2 ಗಂಟೆಗಿಂತ ಕಡಿಮೆ) ಇದೆಲ್ಲ ಮುಗಿಯುತ್ತದೆಯೇ?

ಫ್ರೇಮ್‌ಗ್ರಾಫ್:
ಸರಾಸರಿಯನ್ನು ನಂಬಲೇಬೇಡಿ. 60 ಎಫ್‌ಪಿಎಸ್ ಅಂದರೆ ಪ್ರತಿ ಫ್ರೇಮಿಗೆ 16.7 ಮಿಲಿಸೆಕೆಂಡ್. ಒಂದು ನಿಮಿಷದ ಓಟದಲ್ಲಿ 200 ಮಿಲಿಸೆಕೆಂಡಿನ ತಡೆ 10 ಸಲ ಬಂತು ಅಂದುಕೊಳ್ಳಿ. ಆಡುವವರಿಗೆ ಅದು ಅಸಹನೀಯ, ಆದರೆ ಸರಾಸರಿ ಆಗಲೂ 58. "1% ಲೋ" (ಅತಿ ನಿಧಾನದ 1% ಫ್ರೇಮ್‌ಗಳನ್ನು ನೋಡಿ ಹೇಳುವ ಎಫ್‌ಪಿಎಸ್) ಕೂಡ ಕೈಕೊಡಬಹುದು. ಪರ್ಸೆಂಟೈಲ್ ಲೆಕ್ಕದಲ್ಲಿ (99% ಫ್ರೇಮ್‌ಗಳು ಮುಟ್ಟುವ ವೇಗ) ಈ ಓಟಕ್ಕೆ 60 ಬರುತ್ತದೆ, ಯಾಕೆಂದರೆ ಸುಮಾರು 3,490 ಫ್ರೇಮ್‌ಗಳಲ್ಲಿ ಕೆಟ್ಟವು ಹತ್ತೇ. ಅತಿ ನಿಧಾನದ 1% ಫ್ರೇಮ್‌ಗಳ ಸರಾಸರಿ ತೆಗೆದರೆ 14–15ಕ್ಕೆ ಇಳಿಯುತ್ತದೆ. ಫ್ರೇಮ್ ಅಳೆಯುವ ಕ್ಯಾಪ್‌ಫ್ರೇಮ್‌ಎಕ್ಸ್ ತಂತ್ರಾಂಶ ಎರಡೂ ಲೆಕ್ಕ ಕೊಡುತ್ತದೆ, ಯಾವುದನ್ನು ಬಳಸಿದಿರಿ ಅಂತ ಬರೆಯಲೇಬೇಕು. ಆಡುವಾಗ ರಿವಾಟ್ಯೂನರ್ ತಂತ್ರಾಂಶದ ಫ್ರೇಮ್‌ಟೈಮ್ (ಪ್ರತಿ ಫ್ರೇಮಿಗೆ ಹಿಡಿದ ಸಮಯ) ಗೆರೆ ತೆರೆಯ ಮೂಲೆಯಲ್ಲಿರಲಿ.

ಇನ್ನು ತಡೆಗೆ ಕಾರಣ. ಮುಖ್ಯವಾಗಿ ಎರಡು: ಹೊಸ ಎಫೆಕ್ಟ್ ಮೊದಲ ಸಲ ಕಾಣಿಸಿಕೊಂಡಾಗ ಶೇಡರ್ (ಬೆಳಕು, ಬಣ್ಣ ಬಿಡಿಸಲು ಗ್ರಾಫಿಕ್ಸ್ ಕಾರ್ಡಿಗೆ ಕೊಡುವ ಸಣ್ಣ ಪ್ರೋಗ್ರಾಂ) ಕಂಪೈಲ್ ಆಗುವುದು, ಅಂದರೆ ಕಾರ್ಡಿಗೆ ತಕ್ಕ ರೂಪಕ್ಕೆ ಬದಲಾಗುವುದು, ಮತ್ತು ಮುಂದಿನ ಜಾಗದ ಡೇಟಾ ಲೋಡ್ ಆಗುವುದು. ಬೇರ್ಪಡಿಸುವುದು ಸುಲಭ. ಒಂದು ದಾರಿಯಲ್ಲಿ ಓಡಿ, ಗೇಮ್ ಮುಚ್ಚಿ ಮತ್ತೆ ತೆರೆದು ಅದೇ ದಾರಿಯಲ್ಲಿ ಓಡಿ. ಶೇಡರ್ ಡಿಸ್ಕಿನಲ್ಲಿ ಉಳಿದಿರುವುದರಿಂದ ಆ ತಡೆ ಎರಡನೇ ಸಲ ಬರುವುದಿಲ್ಲ. ಅದೇ ಬಾಗಿಲು, ಅದೇ ಸೇತುವೆ ಹತ್ತಿರ ಮತ್ತೆ ಬಂದರೆ ಅದು ಲೋಡಿಂಗ್‌ನದು. ಗೇಮ್ ಮುಚ್ಚದೆ ಹಿಂದಿರುಗಿ ಓಡಿದರೆ ಡೇಟಾ ಮೆಮೊರಿಯಲ್ಲೇ ಇರುತ್ತದೆ, ಪರೀಕ್ಷೆ ಕೆಟ್ಟಂತೆ.

ವಿಮರ್ಶೆಗೆ ಬೇಕಾದದ್ದು ಮೊದಲ ಓಟದ ರೆಕಾರ್ಡಿಂಗ್, ಕೊಂಡವರು ನೋಡುವುದೂ ಅದನ್ನೇ. ಮತ್ತೊಮ್ಮೆ ಅಳೆಯಬೇಕಾದರೆ ವಿಂಡೋಸ್‌ನ ಡಿಸ್ಕ್ ಕ್ಲೀನಪ್‌ನಲ್ಲಿ "ಡೈರೆಕ್ಟ್‌ಎಕ್ಸ್ ಶೇಡರ್ ಕ್ಯಾಶ್"ಗೆ ಟಿಕ್ ಹಾಕಿ ಅಳಿಸಿ.

ಚುಕ್ಕಿಚಿತ್ರ:
ಪಿಕ್ಸೆಲ್ ಆರ್ಟ್ ಬಗ್ಗೆ ಹೇಳುತ್ತೇನೆ. ಮೊದಲು ಗೇಮ್‌ನ ಒಳಗಿನ ರೆಸಲ್ಯೂಷನ್ (ಎಷ್ಟು ಪಿಕ್ಸೆಲ್‌ಗಳಲ್ಲಿ ಅದು ಚಿತ್ರ ಬಿಡಿಸುತ್ತದೆ) ತಿಳಿದುಕೊಳ್ಳಿ. ಸೆಲೆಸ್ಟ್ (2018) 320x180. ಅದು 1080 ಸಾಲಿನ ತೆರೆಗೆ ಸರಿಯಾಗಿ 6 ಪಟ್ಟು ಹಿಗ್ಗುತ್ತದೆ, 1440ಕ್ಕೆ 8 ಪಟ್ಟು. ಅದೇ ಅಳತೆಯ ಗೇಮ್ 1366x768ರಲ್ಲಿ ತೆರೆ ತುಂಬ ಹಿಗ್ಗಿದರೆ 4.27 ಪಟ್ಟು, ಮೃದುಗೊಳಿಸುವ ಫಿಲ್ಟರ್ ಇಲ್ಲದಿದ್ದರೆ ಕೆಲವು ಚುಕ್ಕಿ 4 ಪಿಕ್ಸೆಲ್ ಅಗಲ, ಕೆಲವು 5. ನಿಂತಾಗ ಗೊತ್ತಾಗುವುದಿಲ್ಲ, ಹಿನ್ನೆಲೆ ಸರಿಯಲು ಶುರುವಾದರೆ ಅಂಚುಗಳೆಲ್ಲ ಮಿಣಮಿಣ ಅನ್ನುತ್ತವೆ. ಸ್ಕ್ರೀನ್‌ಶಾಟ್ ತೆಗೆದು 800% ಹಿಗ್ಗಿಸಿ, ಪಾತ್ರದ ಕಣ್ಣಿನ ಚುಕ್ಕಿಗಳನ್ನು ಎಣಿಸಿ. ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್‌ನ 1280x800 ತೆರೆಯಲ್ಲಿ 4 ಪಟ್ಟು ಮಾಡಿ ಮೇಲೆ ಕೆಳಗೆ 40 ಸಾಲು ಕಪ್ಪು ಬಿಡುವುದೇ ಸರಿ.

ಎರಡನೆಯದು ವೇಗ. ಫ್ರೇಮ್ ಮಿತಿಯನ್ನು 30, 60, 144ಕ್ಕೆ ಇಟ್ಟು ಅದೇ ಕಟ್ಟೆ ಹತ್ತಲು ನೋಡಿ. ಜಿಗಿತದ ಎತ್ತರ ಬದಲಾದರೆ ಲೆಕ್ಕಾಚಾರ ಫ್ರೇಮ್‌ಗೆ ಕಟ್ಟಿಬಿದ್ದಿದೆ. ದೊಡ್ಡ ಗೇಮ್‌ಗಳೂ ಇದರಲ್ಲಿ ಎಡವಿವೆ: ಡಾರ್ಕ್ ಸೋಲ್ಸ್ 2ರ ಪಿಸಿ ಆವೃತ್ತಿಯಲ್ಲಿ 60 ಎಫ್‌ಪಿಎಸ್‌ಗೆ ಆಯುಧಗಳು ಬೇಗ ಸವೆಯುತ್ತಿದ್ದವು. ಎತ್ತರ ಸರಿಯಿದ್ದೂ 144 ಹರ್ಟ್ಸ್‌ನಲ್ಲಿ ಚಲನೆ ಕುಲುಕಿದರೆ, ಗೇಮ್ ಒಳಗೆ 60ರಲ್ಲೇ ನಡೆಯುತ್ತಿರಬಹುದು. 144/60 ಅಂದರೆ 2.4, ಹಾಗಾಗಿ ಕೆಲವು ಫ್ರೇಮ್ 2 ಸಲ, ಕೆಲವು 3 ಸಲ ಕಾಣುತ್ತವೆ. ಮಾನಿಟರನ್ನು 120ಕ್ಕೆ ಇಳಿಸಿ, ನಯವಾದರೆ ಅದೇ ಕಾರಣ. ಓದುಗರಿಗೆ ಆ ಉಪಾಯವನ್ನೂ ಬರೆಯಿರಿ.

ಬಿಲ್ಡ್‌ನಂಬರ್:
ಎರಡು ಗಂಟೆಯ ಬಗ್ಗೆ ಎಚ್ಚರ. ಗೇಮ್ ತೆರೆದ ಮೇಲೆ ಮೆನುವಿನಲ್ಲಿ ಶೇಡರ್ ಕಂಪೈಲ್ ಆಗುವ ಸಮಯವನ್ನೂ ಸ್ಟೀಮ್ ಆಟದ ಸಮಯ ಅಂತಲೇ ಎಣಿಸುತ್ತದೆ. 2023ರ ಮಾರ್ಚ್‌ನಲ್ಲಿ ಬಂದ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1ರ ಪೋರ್ಟ್‌ನಲ್ಲಿ ಜನ ಸಿಟ್ಟಾದದ್ದಕ್ಕೆ ಇದೂ ಒಂದು ಕಾರಣ. ಮೊದಲ 20 ನಿಮಿಷ ಸೆಟ್ಟಿಂಗ್ಸ್‌ಗೇ ಇರಲಿ: ಎಲ್ಲ ಕೀಗಳನ್ನೂ ಬದಲಿಸಬಹುದೇ, ಪ್ಲೇಸ್ಟೇಷನ್ ಪ್ಯಾಡ್ ಹಾಕಿದಾಗ ತೆರೆಯ ಮೇಲಿನ ಬಟನ್ ಗುರುತು ಬದಲಾಗುತ್ತದೆಯೇ, ಅಕ್ಷರದ ಗಾತ್ರ ಎಷ್ಟು. ಮೌಸ್ ಪರೀಕ್ಷೆ ಒಂದನ್ನು ಮಾತ್ರ ಬಿಡಬೇಡಿ. ಮೌಸ್‌ಪ್ಯಾಡಿನ ಒಂದು ಅಂಚಿನಿಂದ ಇನ್ನೊಂದಕ್ಕೆ ನಿಧಾನ ಸರಿಸಿ, ಅಷ್ಟೇ ದೂರ ಸರ್ರನೆ ವಾಪಸ್ ತನ್ನಿ. ಗುರಿ ಹೊರಟ ಜಾಗಕ್ಕೇ ಬರಲಿಲ್ಲ ಅಂದರೆ ಆಕ್ಸಲರೇಷನ್ (ಕೈಯ ವೇಗಕ್ಕೆ ತಕ್ಕಂತೆ ಗುರಿ ಹೆಚ್ಚು ದೂರ ಹೋಗುವುದು) ಆಫ್ ಆಗಿಲ್ಲ.

ಬರೆಯುವಾಗ ಬಿಲ್ಡ್ ಐಡಿ (ಆ ಆವೃತ್ತಿಯ ಸಂಖ್ಯೆ, ಸ್ಟೀಮ್‌ನಲ್ಲಿ ಗೇಮ್‌ನ ಪ್ರಾಪರ್ಟೀಸ್‌ನಲ್ಲಿದೆ), ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಆವೃತ್ತಿ, ಕಾರ್ಡಿನ ಮೆಮೊರಿ, ಟೆಕ್ಸ್‌ಚರ್ ಮಟ್ಟ ಹಾಕಿ. ಪೋರ್ಟ್‌ಗಳು ಬೇಗ ಬದಲಾಗುತ್ತವೆ: ಬ್ಯಾಟ್‌ಮ್ಯಾನ್ ಆರ್ಕಮ್ ನೈಟ್‌ನ ಪಿಸಿ ಆವೃತ್ತಿಯ ಮಾರಾಟವನ್ನು 2015ರ ಜೂನ್‌ನಲ್ಲಿ ನಿಲ್ಲಿಸಿ, ಅಕ್ಟೋಬರ್‌ನಲ್ಲಿ ಮತ್ತೆ ಶುರು ಮಾಡಿದರು. ಜೂನ್‌ನ ವಿಮರ್ಶೆಯನ್ನು ನವೆಂಬರ್‌ನಲ್ಲಿ ಓದುವವರಿಗೆ ಯಾವ ಬಿಲ್ಡ್ ಅಂತ ಗೊತ್ತಾಗಬೇಕಲ್ಲ.

ಹೊಸಆಟ:
ತುಂಬಾ ಧನ್ಯವಾದ. ಒಂದೇ ಅನುಮಾನ: ಪಿಸಿಯಲ್ಲಿ ತಡೆಯುವ ಗೇಮ್ ಸ್ಟೀಮ್ ಡೆಕ್‌ನಲ್ಲಿ ಸಲೀಸಾಗಿ ಓಡಿದರೆ?

ಫ್ರೇಮ್‌ಗ್ರಾಫ್:
ಆಗಬಹುದು. ಡೆಕ್‌ನ ಹಾರ್ಡ್‌ವೇರ್ ಹೆಚ್ಚುಕಡಿಮೆ ಒಂದೇ ಆದ್ದರಿಂದ ಸ್ಟೀಮ್ ಮೊದಲೇ ಕಂಪೈಲ್ ಆದ ಶೇಡರ್‌ಗಳನ್ನು ಡೌನ್‌ಲೋಡ್ ಮಾಡಿಕೊಡುತ್ತದೆ. ಎರಡರ ಫಲಿತಾಂಶವನ್ನೂ ಬೇರೆ ಬೇರೆಯಾಗಿ ಕೊಡಿ. ಡೆಕ್‌ನ ಗೆರೆ ನೇರವಾಗಿದೆ ಅಂತ ವಿಂಡೋಸ್‌ನವರಿಗೆ ಭರವಸೆ ಕೊಡಬೇಡಿ.