ಹೀರೆ ಬಳ್ಳಿ ತುಂಬ ಹೂವು, ಕಾಯಿ ಮಾತ್ರ ಒಂದೂ ಇಲ್ಲ. ಎಂತ ಮಾಡುವುದು?

ಪೆರ್ಲದಕ್ಕ:

ಮೇ ಕೊನೆಗೆ ಬರುವ ಪತ್ತನಾಜೆ ಕಳೆದ ಮೇಲೆ ದನದ ಹಟ್ಟಿಯ ಹತ್ತಿರ ಒಂದು, ಅಂಗಳದ ಬದಿಯಲ್ಲಿ ಒಂದು ಅಂತ ಎರಡು ಕಡೆ ಹೀರೆ ಬೀಜ ಹಾಕಿದ್ದೆ. ಬುಡಕ್ಕೆ ಸುಡುಮಣ್ಣು, ಹಟ್ಟಿಗೊಬ್ಬರ, ಮೇಲೆ ಕಂಗಿನ (ಅಡಿಕೆ ಮರದ) ಸಲಾಕೆಯ ಚಪ್ಪರ. ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಬಳ್ಳಿ ಹಬ್ಬಿದ ಚಂದಕ್ಕೆ ದೃಷ್ಟಿ ತಾಗಬಾರದು ಅಂತ ಅತ್ತೆ ಒಂದು ಅಡಿಕೆ ಹಾಳೆಗೆ ಸುಣ್ಣದ ಬೊಟ್ಟು ಹಾಕಿ ಚಪ್ಪರಕ್ಕೆ ನೇತು ಹಾಕಿದ್ದಾರೆ. ಜುಲೈ ನಡುವಿಗೆ ಆಟಿ ತಿಂಗಳು ಶುರುವಾದಲ್ಲಿಂದ ಹೂವೋ ಹೂವು. ಆದರೆ ಮಿಡಿ ಕಿರುಬೆರಳಿನಷ್ಟು ಆಗುವಾಗ ಹಳದಿಯಾಗಿ, ತುದಿ ಮುರುಟಿ ಬಿದ್ದುಹೋಗ್ತದೆ.

ಯೂಟ್ಯೂಬಿನಲ್ಲಿ ಒಬ್ಬರು ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸಿ ಅಂದರು. ಅದನ್ನೂ ಮಾಡ್ತಾ ಇದ್ದೇನೆ, ದಿನಾ ಬೆಳಿಗ್ಗೆ ಚಹಾ ಕುಡಿದು ಹಾಲು ಡೈರಿಗೆ ಹೋದ ಮೇಲೆ. ಏನೂ ಪ್ರಯೋಜನ ಇಲ್ಲ. ಮನೆಯವರಿಗೆ ಅಡಿಕೆಗೆ ಮದ್ದು ಬಿಡುವ ಗಡಿಬಿಡಿ. ಕೇಳಿದರೆ, "ಉಳಿದ ಬೋರ್ಡೋ ದ್ರಾವಣ ನಿನ್ನ ಹೀರೆಗೂ ಬಿಡ್ತೇನೆ, ಬೇಕಾ?" ಅಂತಾರೆ. ಬೇಡ ಅಂದೆ. ಬೇರೆ ಉಪಾಯ ಗೊತ್ತಿದ್ದರೆ ಹೇಳಿ ಮಾರಾಯ್ರೇ. ಮನೆಯಲ್ಲಿ ಎರಡು ಬಳ್ಳಿ ಇಟ್ಟುಕೊಂಡು ಹೀರೆ ಪೋಡಿಗೆ (ಬಜ್ಜಿಗೆ) ಅಂಗಡಿಯಿಂದ ಘಟ್ಟದ ಮೇಲಿನ ಹೀರೆ ತರುವುದೆಂದರೆ ನನಗೆ ಮರ್ಯಾದೆ ಪ್ರಶ್ನೆ.

ಕಂಗಿನ ತೋಟ, ಮುಳ್ಳೇರಿಯ:

ಅಕ್ಕ, ಮೊದಲು ಬಿದ್ದ ಮಿಡಿಯನ್ನು ಹೆಕ್ಕಿ ಉದ್ದಕ್ಕೆ ಸೀಳಿ ನೋಡಿ. ಹೊರಗೆ ಸೂಜಿ ಚುಚ್ಚಿದ ಹಾಗೆ ಗುರುತು, ಅಲ್ಲಿ ಅಂಟು ಒಸರಿದ್ದು, ಒಳಗೆ ಬಿಳಿ ಹುಳ ಕಂಡರೆ ಅದು ಹಣ್ಣುನೊಣ. ಹಾಗಿದ್ದರೆ ಬಿದ್ದದ್ದನ್ನು ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡಿ. ಹುಳ ಮಣ್ಣಿಗಿಳಿದು ಕೋಶ ಕಟ್ಟಿ, ಪುನಃ ನೊಣವಾಗಿ ನಿಮ್ಮ ಬಳ್ಳಿಗೇ ಬರ್ತದೆ. ಬಕೆಟ್ ನೀರಿನಲ್ಲಿ ಮುಳುಗಿಸಿಡಿ.

ತುಳಸಿ ಅರೆದು ಬಾಟ್ಲಿಯಲ್ಲಿ ತೂಗಿ ಹಾಕಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಮಾವಿನ ನೊಣಕ್ಕೆ ಆಗ್ತದೆ. ಹೀರೆ, ಹಾಗಲ, ಮುಳ್ಳುಸೌತೆಗೆ ಬರುವ ನೊಣದ ಜಾತಿಯೇ ಬೇರೆ, ಅದಕ್ಕೆ ವಾಸನೆಯಿಂದ ಸೆಳೆಯುವ ಕ್ಯೂಲೂರ್ ಮದ್ದಿನ ಬಲೆಯೇ ಬೇಕು. ಕೃಷಿಭವನದಲ್ಲಿ ವಿಚಾರಿಸಿ. ಬಲೆಗೆ ಬೀಳುವುದು ಗಂಡು ನೊಣ ಮಾತ್ರ, ಆದ್ದರಿಂದ ಮಿಡಿಗೆ ಕಾಗದದ ತೊಟ್ಟೆ ಹಾಕುವುದೂ ಒಳ್ಳೆಯದು.

ಪೆರ್ಲದಕ್ಕ:

ಬಿದ್ದದ್ದನ್ನೆಲ್ಲ ಸೀಳಿ ನೋಡಿದೆ ಅಣ್ಣ. ಹುಳವೂ ಇಲ್ಲ, ತೂತೂ ಇಲ್ಲ. ಒಳಗೆ ಬೆಳ್ಳಗೆ, ಬೀಜದ ಸುದ್ದಿಯೇ ಇಲ್ಲ.

ನಿವೃತ್ತ ಟೀಚರ್, ಮಂಜೇಶ್ವರ:

ಹುಳ ಇಲ್ಲದಿದ್ದರೆ ಹೆಚ್ಚಾಗಿ ಪರಾಗ ಸೇರಲಿಲ್ಲ ಎಂದು ಅರ್ಥ. ನೀವು ಹೋಗುವ ಹೊತ್ತು ಹೀರೆಯ ಹೊತ್ತಲ್ಲ. ಮುಳ್ಳುಸೌತೆ, ಹಾಗಲ, ಚೀನಿಕಾಯಿ ಹೂವು ಬೆಳಗಾಗುವಾಗ ಅರಳುತ್ತದೆ. ವಿಡಿಯೋದವರು ಹೇಳಿದ್ದು ಅವುಗಳ ಲೆಕ್ಕ. ಗೀರು ಗೀರು ಇರುವ ನಮ್ಮ ಊರಿನ ಹೀರೆ ಅರಳುವುದು ಸಂಜೆ ಐದರ ನಂತರ. ರಾತ್ರಿಯಿಡೀ ತೆರೆದಿದ್ದು ಬೆಳಿಗ್ಗೆ ಬಾಡ್ತದೆ. ನೀವು ಚಹಾ ಮುಗಿಸಿ ಹೋಗುವಾಗ ಅದರ ಕೆಲಸ ಮುಗಿದಿರ್ತದೆ. ಸಿಪ್ಪೆ ನುಣ್ಣಗಿರುವ ತುಪ್ಪ ಹೀರೆಯಾದರೆ ಬೆಳಿಗ್ಗೆಯೇ ಸರಿ, ನಿಮ್ಮದು ಯಾವುದು ಅಂತ ನೋಡಿಕೊಳ್ಳಿ.

ಗಂಡು ಹೂವು ಗೊಂಚಲಿನಲ್ಲಿ ಬರ್ತದೆ, ಹೆಣ್ಣು ಒಂಟಿ, ಹೂವಿನ ಹಿಂದೆಯೇ ಸಣ್ಣ ಮಿಡಿ ಇರ್ತದೆ. ಸಂಜೆ ಆಗ ತಾನೇ ಅರಳಿದ ಗಂಡು ಹೂವು ಕಿತ್ತು, ಎಸಳು ಹಿಂದಕ್ಕೆ ಮಡಚಿ, ನಡುವಿನ ಹಳದಿ ಹುಡಿಯನ್ನು ಹೆಣ್ಣಿನ ನಡುವಿಗೆ ಮೆಲ್ಲ ಒತ್ತಿ. ಜೋರು ಮಳೆಗೆ ಹುಡಿ ತೊಳೆದು ಹೋಗ್ತದೆ. ಮಳೆ ಹನಿ ಕಡಿದ ಹೊತ್ತು ನೋಡಿ ಹೋಗಿ.

ಉಪ್ಪಳದವ, ಈಗ ದುಬೈ:

ಅಕ್ಕ ಮುಸ್ಸಂಜೆಗೆ ಟಾರ್ಚ್ ಹಿಡಿದು ಹೀರೆಗೆ ಮದುವೆ ಮಾಡಿಸುವ ಫೋಟೋ ಒಂದು ಹಾಕಿ. ಇಲ್ಲಿ ನಮ್ಮ ರೂಮಿನ ಬಾಲ್ಕನಿಯಲ್ಲಿ ನಾನೂ ಒಂದು ಬಸಳೆ ಕಡ್ಡಿ ಊರಿದ್ದೇನೆ. ಬಿಸಿಲಿಗೆ ಎಲೆ ಎಲ್ಲ ಹಪ್ಪಳ. ನನಗೂ ಯಾರಾದರೂ ಬುದ್ಧಿ ಹೇಳಿ.

ನಿವೃತ್ತ ಟೀಚರ್, ಮಂಜೇಶ್ವರ:

ಮಧ್ಯಾಹ್ನ ಒಂದು ಹಳೆ ಪಂಚೆ ಅಡ್ಡ ಕಟ್ಟು ಮಾರಾಯ. ನೀರು ಸಂಜೆ ಕೊಡು.

ಪೆರ್ಲದಕ್ಕ:

ವರದಿ ಒಪ್ಪಿಸಲಿಕ್ಕೆ ಬಂದೆ. ಟೀಚರ್ ಹೇಳಿದ್ದು ಹೌದು. ಐದೂವರೆಗೆ ಹೋಗಿ ನಿಂತರೆ, ಮೊಗ್ಗು ನೋಡ್ತಾ ಇದ್ದ ಹಾಗೇ ಬಿಚ್ಚಿಕೊಂಡಿತು. ಹೀರೆ ಹೂವಿಗೆ ಪರಿಮಳ ಉಂಟು ಅಂತ ನನಗೆ ಈಗ ಗೊತ್ತಾದದ್ದು! ಕತ್ತಲು ಹಿಡಿಯುವಾಗ ದೊಡ್ಡ ಬೂದು ಪತಂಗ ಒಂದು ಬಂತು. ಕೂರಲೇ ಇಲ್ಲ. ಗಾಳಿಯಲ್ಲಿ ನಿಂತುಕೊಂಡೇ ಉದ್ದದ ಸೊಂಡಿಲು ಇಳಿಸಿ, ಒಂದು ಹೂವಿನಿಂದ ಇನ್ನೊಂದಕ್ಕೆ ಹೋಯಿತು. ನಾನು ಮುಟ್ಟಿಸಿದ ಮಿಡಿಗಳು ಈಗ ಹಸಿರಾಗಿಯೇ ಇವೆ, ದಪ್ಪ ಆಗ್ತಾ ಇವೆ.

ತಮಾಷೆ ಎಂತ ಅಂದರೆ, ಹಟ್ಟಿ ಬದಿಯ ಬಳ್ಳಿ ಚಪ್ಪರ ಬಿಟ್ಟು ನುಗ್ಗೆ ಮರಕ್ಕೆ ಹತ್ತಿತ್ತು. ಮೇಲೆ ಯಾರೂ ನೋಡಿರಲಿಲ್ಲ. ಮೊನ್ನೆ ಟಾರ್ಚ್ ಬಿಡುವಾಗ ಎಲೆಯ ಎಡೆಯಲ್ಲಿ ಮೊಳಕೈ ಉದ್ದದ ಕಾಯಿ ತೂಗ್ತಾ ಉಂಟು! ಅದರ ಹಿಂದೆ ಇನ್ನೊಂದು. ಅಲ್ಲಿ ಯಾರೂ ಕೈ ಹಾಕಿದ್ದಿಲ್ಲ. ಅಂಗಳದ ಬಳ್ಳಿಯಲ್ಲಿ ಮಾತ್ರ ತಾನಾಗಿ ಒಂದೂ ಹಿಡಿಯಲಿಲ್ಲ. ಅದು ಯಾಕೆ?

ಅತ್ತೆಯದ್ದು ಬೇರೆ ಕಥೆ. ಸಂಜೆಯ ಧಾರಾವಾಹಿ ತಪ್ಪಿಸದವರು ಈಗ ನನಗಿಂತ ಮೊದಲೇ ಚಪ್ಪರದ ಅಡಿಯಲ್ಲಿ ಇರ್ತಾರೆ. ನಾನು ಕೈ ಹಾಕಿದರೆ, "ನಿನ್ನದು ಒರಟು ಕೈ, ಇಲ್ಲಿ ಕೊಡು" ಅಂತಾರೆ.

ಕಂಗಿನ ತೋಟ, ಮುಳ್ಳೇರಿಯ:

ಅಂಗಳದಲ್ಲಿ ಲೈಟ್ ಉಂಟಾ?

ಪೆರ್ಲದಕ್ಕ:

ಉಂಟು. ದೊಡ್ಡ ಎಲ್‌ಇಡಿ, ರಾತ್ರಿ ಹತ್ತರವರೆಗೆ. ಹಟ್ಟಿ ಹಿಂದೆ ಕತ್ತಲೆ.

ನಿವೃತ್ತ ಟೀಚರ್, ಮಂಜೇಶ್ವರ:

ಪತಂಗ ದೀಪ ಕಂಡರೆ ಹೂವು ಬಿಟ್ಟು ಅಲ್ಲೇ ಸುತ್ತುತ್ತದೆ. ನಿಮ್ಮಲ್ಲಿ ಅದೇ ಕಾರಣ ಅಂತ ಇಲ್ಲಿ ಕೂತು ಹೇಳಿದರೆ ತಪ್ಪಾದೀತು. ಆದರೆ ಸ್ವಲ್ಪ ದಿನ ಲೈಟ್ ನಂದಿಸಿ ನೋಡುವುದಕ್ಕೆ ಖರ್ಚೇನಿಲ್ಲ, ಕರೆಂಟೂ ಉಳಿಯಿತು. ನುಗ್ಗೆ ಮರದ್ದನ್ನು ಪೋಡಿಗೆ ಕೊಯ್ಯಬೇಡಿ. ಅಷ್ಟು ಬೆಳೆದದ್ದು ನಾರು ಬಿಡ್ತದೆ. ಬಳ್ಳಿಯಲ್ಲೇ ಒಣಗಲಿ, ಅಲ್ಲಾಡಿಸಿದಾಗ ಒಳಗೆ ಗಲಗಲ ಅಂದ ಮೇಲೆ ತೆಗೆದರೆ ಬೀಜಕ್ಕಾಯಿತು. ಆದರೆ ಪೊಟ್ಟಣದ ಹೈಬ್ರಿಡ್ ಬೀಜ ಆಗಿದ್ದರೆ ಇಟ್ಟು ಫಲ ಇಲ್ಲ, ಮುಂದಿನ ಬೆಳೆ ಇದೇ ತರ ಬರುವ ನಂಬಿಕೆ ಇಲ್ಲ.

ಪೆರ್ಲದಕ್ಕ:

ಬೀಜ ತವರುಮನೆಯದ್ದು ಟೀಚರ್, ಬಾಯಾರಿನದ್ದು. ಲೈಟ್ ಇವತ್ತಿನಿಂದಲೇ ಬಂದ್, ಮನೆಯವರು ಕತ್ತಲಲ್ಲಿ ಎಡವಿದರೆ ನಿಮ್ಮ ಹೆಸರು ಹೇಳ್ತೇನೆ. ಪಡುವಲಕ್ಕೂ ಸಂಜೆಯೇನಾ?

ನಿವೃತ್ತ ಟೀಚರ್, ಮಂಜೇಶ್ವರ:

ಹೌದು, ಇನ್ನೂ ಸ್ವಲ್ಪ ಕತ್ತಲಾದ ಮೇಲೆ. ಬಿಳಿ ನೂಲು ಬಿಚ್ಚಿದ ಹಾಗೆ ಹೂವು ಕಾಣುವಾಗ ಹೋಗಿ. ಸೋರೆಯೂ ಸಂಜೆಯದ್ದೇ. ಪಡುವಲ ಕಾಯಿ ಹಿಡಿದ ಮೇಲೆ ತುದಿಗೆ ಸಣ್ಣ ಕಲ್ಲು ಕಟ್ಟಿ, ಇಲ್ಲದಿದ್ದರೆ ಸುರುಳಿ ಸುತ್ತಿ ಕೊಯ್ಯಲಿಕ್ಕೆ ಕಷ್ಟ.

ಕಂಗಿನ ತೋಟ, ಮುಳ್ಳೇರಿಯ:

ಅಕ್ಕ, ಬಾಯಾರಿನ ಬೀಜ ನನಗೂ ಸ್ವಲ್ಪ ತೆಗೆದಿಡಿ. ಬದಲಿಗೆ ನಮ್ಮಲ್ಲಿ ಮುಳ್ಳುಸೌತೆ ಬೀಜ ಉಂಟು, ಬೂದಿಯಲ್ಲಿ ಹಾಕಿಟ್ಟದ್ದು.